ಬಯಲಿನಲ್ಲಿ ಆರಿಸಿದ ಡೊಳ್ಳು

ಮುರಗೋಡದ ಕುರುಬರ ಓಣಿಯಲ್ಲಿ ಮಾಳಪ್ಪನ ಕೈಯ ಬಗ್ಗೆ ಎರಡು ಮಾತು ಇದ್ದವು. ಕುರಿಯ ಕಾಲು ಮುರಿದರೆ ಕಟ್ಟುವುದಕ್ಕೆ ಅವನ ಕೈಯೇ ಬೇಕು ಎಂಬುದು ಒಂದು. ಅಷ್ಟು ಮೆತ್ತನೆಯ ಕೈ ಇಟ್ಟುಕೊಂಡು ಅವನು ಡೊಳ್ಳು ಹೇಗೆ ಬಾರಿಸುತ್ತಾನೋ ಬೀರದೇವರಿಗೇ ಗೊತ್ತು ಎಂಬುದು ಇನ್ನೊಂದು. ಬಾರಿಸುತ್ತಿದ್ದನಂತೂ ನಿಜ, ಅದೂ ನಾಲ್ಕು ಊರು ಕರೆಸಿಕೊಳ್ಳುವ ಹಾಗೆ. ಆದರೆ ಅವನದು ಹೊಡೆತವಲ್ಲ. ಬಲಗೈಯ ಕೋಲನ್ನು ಚರ್ಮಕ್ಕೆ ತಾಗಿತೋ ಇಲ್ಲವೋ ಎನ್ನುವಂತೆ ತಾಗಿಸಿ, ಎಡಗೈಯ ಬೆರಳುಗಳನ್ನು ಹಿಟ್ಟು ನಾದುವವರ ಹಾಗೆ ಆಡಿಸುತ್ತಿದ್ದ. "ನಮ್ಮಾಂವ ಡೊಳ್ಳ ಬಾರಸಂಗಿಲ್ಲ, ತಟ್ಟಿ ಮಲಗಸ್ತಾನ" ಎಂದು ಅವನ ಹೆಂಡತಿ ಶಟ್ಟೆವ್ವ ಬಾವಿಯ ಕಟ್ಟೆಯ ಮೇಲೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು.

ಆ ಕೈ ಹಾಗೆ ಪಳಗುವುದಕ್ಕೆ ಕಾರಣ ರಾಯಪ್ಪ. ಮಾಳಪ್ಪನ ಅಕ್ಕ ಬಾಯವ್ವನ ಗಂಡ. ಡೊಳ್ಳಿನ ಪದ ಹಾಡುವವನು. ದೊಡ್ಡ ದನಿಯಲ್ಲ ಅವನದು. ತೆಳ್ಳಗೆ, ಬೆಣ್ಣೆಯೊಳಗಿನ ಕೂದಲು ಎಳೆದಷ್ಟು ನಯವಾಗಿ ಬರುತ್ತಿತ್ತು. ಕೇಳುವವರು ತಾವಾಗಿಯೇ ಮುಂದಕ್ಕೆ ಸರಿದು ಕೂರಬೇಕು, ಮಕ್ಕಳ ಬಾಯಿ ಮುಚ್ಚಿಸಬೇಕು. ಮೀಸೆ ಮೂಡುವ ಮುಂಚಿನಿಂದ ಮಾಳಪ್ಪ ಆ ದನಿಯ ಪಕ್ಕದಲ್ಲೇ ನಿಂತವನು. ರಾಯಪ್ಪ ಒಂದು ನುಡಿ ಹಾಡುವಾಗ ಡೊಳ್ಳು ಅದರ ಕೆಳಗೆ ಸದ್ದಿಲ್ಲದೆ ನಡೆಯಬೇಕು. ನುಡಿ ಮುಗಿದು ಅವನು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಡೊಳ್ಳಿಗೆ ಅದರ ಸರದಿ. ಮತ್ತೆ ಬಾಯಿ ತೆರೆದನೋ, ಡೊಳ್ಳು ತಲೆ ತಗ್ಗಿಸಬೇಕು. ಇಷ್ಟೇ ಕೆಲಸ. ಇದನ್ನು ಮಾಳಪ್ಪ ಮಾಡಿದಷ್ಟು ಚೆನ್ನಾಗಿ ಮಾಡುವವರು ಬೈಲಹೊಂಗಲದ ಈ ಕಡೆ ಇರಲಿಲ್ಲ.

ಆದರೆ ಅವನ ತಲೆಯೊಳಗೆ ಬೇರೊಂದು ನಾದ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳಲಿಕ್ಕೆ ಬರುವಂಥದ್ದೂ ಅಲ್ಲ. ಕಿವಿಗೆ ಬೀಳುವುದಕ್ಕಿಂತ ಮೊದಲು ಎದೆಗೂಡಿಗೆ ಬಂದು ಮುಟ್ಟುವ ನಾದ. ಮೂರು ಹೊಲದ ಆಚೆ ಹೋಗುವವನು ತಲೆಯ ಮೇಲಿನ ಹೊರೆ ಇಳಿಸಿ ನಿಲ್ಲುವಂಥದ್ದು. ಕುರಿ ಮೇಯಲು ಬಿಟ್ಟು ನೆಲಕ್ಕೆ ಬೆನ್ನು ಕೊಟ್ಟು ಮಲಗಿದಾಗ ಅದು ನೆಲದೊಳಗಿಂದಲೇ ಬಂದ ಹಾಗೆ ಆಗುತ್ತಿತ್ತು. ತನ್ನ ಕೈಯಿಂದ ಅದು ಒಂದು ಸಲವಾದರೂ ಬರಬೇಕು ಎಂದು ಅವನಿಗೆ ಆಸೆ.

ಪ್ಲೇಗಿನ ವರ್ಷ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕುಳಿತಿತ್ತಲ್ಲ, ಆಗ ಅವನ ಹಳೆಯ ಡೊಳ್ಳು ಬೀಗ ಹಾಕಿದ ಮನೆಯಲ್ಲಿ ಗೂಟಕ್ಕೆ ನೇತುಬಿದ್ದೇ ಉಳಿಯಿತು. ತಿರುಗಿ ಬಂದು ಬಾಗಿಲು ತೆಗೆದರೆ ಗೆದ್ದಲು ಅದನ್ನು ಒಳಗಿಂದಲೇ ತಿಂದು ಮುಗಿಸಿತ್ತು. ಮುಟ್ಟಿದರೆ ಪುಡಿ. ಎಲ್ಲರೂ ಮರುಗಿದರು. ಮಾಳಪ್ಪನೂ ಮರುಗಿದ, ಆದರೆ ಆ ಮರುಕದ ಅಡಿಯಲ್ಲಿ, ಇನ್ನು ಹೊಸದು ಮಾಡಿಸಬಹುದು ಎಂಬ ಸಣ್ಣ ಖುಷಿ ಮಿಸುಕಾಡಿದ್ದು ಅವನಿಗೆ ಮಾತ್ರ ಗೊತ್ತು.

ಸುಗ್ಗಿ ಮುಗಿದ ಮೇಲೆ, ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಲಿಕ್ಕೆ ಅವನು ಹಿಂಡು ಹೊಡೆದುಕೊಂಡು ರಾಮದುರ್ಗದ ಸೀಮೆಗೆ ಹೋದ. ಅಲ್ಲಿ ಬಡಿಗೇರ ಬಸಲಿಂಗಪ್ಪ ಎಂಬ ಮುದುಕ ಡೊಳ್ಳು ಕೊರೆಯುವುದರಲ್ಲಿ ಹೆಸರಾದವನು. ಅವನ ಪಡಸಾಲೆಯಲ್ಲಿ ಎರಡು ಡೊಳ್ಳು ಸಿದ್ಧವಾಗಿದ್ದವು. ಒಂದು ಸಣ್ಣದು. ಇನ್ನೊಂದು ಒಂದೇ ಮರದ ಬುಡ ಕೊರೆದು ಮಾಡಿದ್ದು, ತಬ್ಬಿದರೆ ಎರಡು ಕೈ ಕೂಡದಷ್ಟು ದೊಡ್ಡದು.

"ಇಲ್ಲೇ ಕುಂತು ಬಾರಿಸಿ ನೋಡಪಾ" ಎಂದ ಬಸಲಿಂಗಪ್ಪ. "ನೀವು ಹಾಡಿಕಿ ಮಾಡೂದು ಗುಡ್ಯಾಗ ಹೌದಲ್ಲೋ?"

"ಪಡಸಾಲ್ಯಾಗ ಗ್ವಾಡಿನೂ ದನಿ ಕೊಡ್ತಾವ್ರಿ" ಎಂದ ಮಾಳಪ್ಪ. "ಡೊಳ್ಳಿಂದು ಯಾವುದು, ಗ್ವಾಡೀದು ಯಾವುದು, ಹ್ಯಾಂಗ ತಿಳೀಬೇಕು? ಕುರಿ ಆಗಲಿ ಡೊಳ್ಳಾಗಲಿ, ಬಯಲಾಗ ಬಿಟ್ಟ ನೋಡಬೇಕ್ರಿ."

ಕುರುಬನಾದವನು ಆಡುವ ಮಾತೇ ಇದು. ಕೊಟ್ಟಿಗೆಯಲ್ಲಿ ಕಟ್ಟಿದ ಕುರಿಯನ್ನು ಅವರು ಕೊಳ್ಳುವುದಿಲ್ಲ. ಇಕ್ಕಟ್ಟಿನಲ್ಲಿ ಕುಂಟಿಯೂ ನೆಟ್ಟಗೆ ನಿಂತಿರುತ್ತದೆ, ಬಯಲಿಗೆ ಬಿಟ್ಟಾಗಲೇ ಅದರ ಕಾಲು ತಿಳಿಯುವುದು. ಹಾಗಾಗಿ ಅವನು ಎರಡೂ ಡೊಳ್ಳುಗಳನ್ನು ಹೊಳೆಯ ದಂಡೆಗೆ ಹೊತ್ತು ನಡೆದ. ಮುದುಕ ಕೋಲೂರಿಕೊಂಡು ಹಿಂದೆ ಬಂದ.

ಗಾಳಿ ಬೀಸುತ್ತಿತ್ತು. ಸಣ್ಣ ಡೊಳ್ಳಿನ ಸದ್ದು ಮರಳಿಗೆ ಸುರಿದ ನೀರಿನ ಹಾಗೆ ಇಂಗಿಹೋಯಿತು. ದೊಡ್ಡದನ್ನು ಹೆಗಲಿಗೆ ಏರಿಸಿ ಬೆರಳಾಡಿಸಿದರೆ, ಬಯಲು ಅದರ ಗುಂಗನ್ನೆಲ್ಲ ಎತ್ತಿಕೊಂಡು ಹೋಗಿ, ಬೆರಳಿನ ಮಾತನ್ನು ಮಾತ್ರ ಅವನಿಗೆ ತಿರುಗಿ ಕೊಟ್ಟಿತು. ಮೇಯುತ್ತಿದ್ದ ಕುರಿಗಳು ತಲೆಯೆತ್ತಿದವು. ಅವನ ಎದೆಯೊಳಗೆ ಏನೋ ಮಿಡುಕಿತು. ಅದೇ ನಾದವಲ್ಲ, ಅದರ ನೆರಳು. ಇವತ್ತು ನೆರಳು ಬಂದಿದೆ, ನಾಳೆ ಅದೇ ಬರುತ್ತದೆ ಎಂದುಕೊಂಡ.

"ಡೊಳ್ಳ ದೊಡ್ಡದು, ಕೈ ಸಣ್ಣದು" ಎಂದ ಬಸಲಿಂಗಪ್ಪ.

"ಕೈ ಬೆಳೀತೈತ್ರಿ."

"ತಲೀ ಬೆಳ್ಳಗಾದ ಮ್ಯಾಲ ಬೆಳ್ಯಾವ ಕೈ ನಾ ನೋಡಿಲ್ಲ ತಮ್ಮಾ. ಆಗಲಿ, ನಿಮ್ಮ ಬೀರಪ್ಪ ಬೆಳಸಿದ್ರ ಬೆಳಸ್ಯಾನು."

ಡೊಳ್ಳಿನ ಬೆಲೆಗೆ ಒಂದು ಟಗರನ್ನೂ ನೇಯ್ದ ಕಂಬಳಿಗಳನ್ನೂ ಅಲ್ಲಿ ಬಿಟ್ಟು, ಮಾಳಪ್ಪ ಡೊಳ್ಳು ಹೊತ್ತು ಊರಿಗೆ ಬಂದ. ಶಟ್ಟೆವ್ವ ಬಾಗಿಲಲ್ಲಿ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದಳು. "ಇದನ್ನ ಎಲ್ಲೆ ಇಡೂದು? ಸವತಿನ್ನ ತಂದಿದ್ರ ಮೂಲ್ಯಾಗರ ಕುಂದರತಿದ್ಲು" ಎಂದಳು.

ಬೀರದೇವರ ಗುಡಿ ಕಲ್ಲಿನದು, ತಗ್ಗು ಮಾಡಿನದು. ಅಲ್ಲಿ ಮೊದಲ ಸಲ ಆ ಡೊಳ್ಳು ಎತ್ತಿದಾಗಲೇ ಮಾಳಪ್ಪನಿಗೆ ತಿಳಿಯಬೇಕಾಗಿತ್ತು. ಮೆಲ್ಲಗೆ ಬೆರಳಾಡಿಸಿದರೆ ಬೆರಳಿನ ಮಾತನ್ನು ಗೋಡೆಗಳು ಕಲಸಿಬಿಡುವವು. ಸ್ವಲ್ಪ ಒತ್ತಿದನೋ, ಮಲಗಿದ ಹೋರಿ ಎದ್ದ ಹಾಗೆ ಏಳುವುದು, ಎದ್ದದ್ದು ಕುಳಿತುಕೊಳ್ಳದು. ನುಡಿಯ ಸರದಿ ಬಂದು ಅವನು ಕೈ ತೆಗೆದರೂ ಕಲ್ಲುಗೋಡೆಯೊಳಗೆ ಅದರ ಗುಂಗು ತಿರುಗುತ್ತಲೇ ಇರುವುದು. ರಾಯಪ್ಪನ ಮುಂದಿನ ನುಡಿಯ ಮೊದಲ ಮಾತುಗಳು ಆ ಗುಂಗಿನೊಳಗೆ ಮುಳುಗಿ, ಅರ್ಧ ದಾರಿಯಲ್ಲಿ ಮೇಲೆ ಬರುವವು. ರಾಯಪ್ಪ ಒಮ್ಮೆ ಅವನ ಕಡೆ ನೋಡಿದ. ಮತ್ತೆ ಮುಂದೆ ತಿರುಗಿ, ಎಂದೂ ಎತ್ತದಷ್ಟು ಮೇಲಕ್ಕೆ ದನಿ ಎತ್ತಿದ.

ಹೊಸದು, ಪಳಗುತ್ತದೆ ಎಂದು ಮಾಳಪ್ಪ ತನಗೆ ತಾನೇ ಹೇಳಿಕೊಂಡ. ಸಂಗೊಳ್ಳಿಗೆ ಹಾಡಿಕೆಗೆ ಹೋದಾಗ ಅಲ್ಲಿಯ ಒಬ್ಬ ಮುದುಕಿ ಎಲೆ ಅಡಿಕೆ ಕೊಡುತ್ತ, "ಡೊಳ್ಳಿನ ಊಟ ಹೊಟ್ಟಿ ತುಂಬ ಆತ್ರೆಪಾ. ಪದ ಮಾತ್ರ ಹಸದ ಹೋತು" ಎಂದಳು. ಜನ ನಕ್ಕರು. ರಾಯಪ್ಪನೂ ನಕ್ಕ, ಎಲ್ಲರಿಗಿಂತ ಜೋರಾಗಿ. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ದಣಿದಿರಬೇಕು ಎಂದುಕೊಂಡ ಮಾಳಪ್ಪ.

ಆಮೇಲೆ ಅವನು ಡೊಳ್ಳಿಗೆ ಮದ್ದು ಮಾಡಲು ಶುರು ಮಾಡಿದ. ಚರ್ಮಕ್ಕೆ ಔಡಲೆಣ್ಣೆ ತಿಕ್ಕಿದ. ಹಗ್ಗ ಸಡಿಲಿಸಿದ, ಬಿಗಿದ, ಮತ್ತೆ ಸಡಿಲಿಸಿದ. ಕೊನೆಗೆ ಒಂದು ಕಡೆಯ ಚರ್ಮ ಬಿಚ್ಚಿ ಹೊಟ್ಟೆಯೊಳಗೆ ಕುರಿಯ ಉಣ್ಣೆ ತುಂಬಿ ಕಟ್ಟಿದ. ಹಾಗೆ ಮಾಡಿ ಬಾರಿಸಿದರೆ ಕೆಮ್ಮು ಹತ್ತಿದ ಎಮ್ಮೆ ಕೂಗಿದ ಹಾಗೆ ಒಂದು ಸದ್ದು ಬಂತು. ಮಾಳಪ್ಪನಿಗೆ ನಾಚಿಕೆಯಾಯಿತು. ಬಾಯಿಲ್ಲದ ಪ್ರಾಣಿಯ ಬಾಯಿಗೆ ಬಟ್ಟೆ ತುರುಕಿದಂತಾಗಿ, ಗಡಿಬಿಡಿಯಿಂದ ಬಿಚ್ಚಿ ಉಣ್ಣೆಯನ್ನೆಲ್ಲ ಕಿತ್ತು ತೆಗೆದ. ಮತ್ತೆ ಚರ್ಮ ಕಟ್ಟಿ, ಅದರ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕುಳಿತ. ಅದನ್ನು ಬಿಟ್ಟುಕೊಡುವ ಯೋಚನೆ ಆಗಲೂ ಬರಲಿಲ್ಲ. ಗೂಟದ ಮೇಲಿದ್ದಾಗ ಅದು ಎಷ್ಟು ಚೆಂದ ಕಾಣುತ್ತಿತ್ತು ಎಂದರೆ, ಊಟದ ನಡುವೆ ತುತ್ತು ಹಿಡಿದುಕೊಂಡು ಅದನ್ನೇ ನೋಡುತ್ತ ಕೂರುವನು. ಶಟ್ಟೆವ್ವ ರೊಟ್ಟಿಯಿಂದ ತಾಟು ತಟ್ಟಿ ಅವನನ್ನು ಈ ಲೋಕಕ್ಕೆ ಕರೆಯಬೇಕು.

ಒಂದು ಬೆಳಿಗ್ಗೆ ಬಾಯವ್ವ ಮಜ್ಜಿಗೆಯ ಗಡಿಗೆ ಹೊತ್ತು ಬಂದಳು. ಇಳಿಸಿದವಳು ಎದ್ದು ಹೋಗದೆ ಅಲ್ಲಿಯೇ ಕುಳಿತಳು.

"ತಮ್ಮಾ, ಒಂದ ಮಾತ ಅಂತೇನಿ, ಸಿಟ್ಟಿಗೇಳಬ್ಯಾಡ."

"ಅನ್ನು ಬೇ ಅಕ್ಕಾ."

"ನಿಮ್ಮ ಮಾವ ನಿನ್ನಿ ಉಣ್ಣೂ ಮುಂದ ಉಪ್ಪ ಬೇಕಾದ್ರ ಕೈ ಮಾಡಿ ತೋರಿಸಿದ. ಬಾಯಾಗ ದನಿ ಇಲ್ಲ ಅಂವಗ. ಸಂಗೊಳ್ಳಿಂದ ಬಂದಾಗಿಂದ ಹಿಂಗ."

"ಥಂಡಿ ಆಗಿರಬೇಕು."

"ಮೆಣಸು ಕುದಿಸಿ ಕೊಟ್ಟೇನಿ, ಬೆಲ್ಲಾ ಕೊಟ್ಟೇನಿ, ಥಂಡಿ ಆಗಿದ್ರ ಹೋಗತಿದ್ದಿಲ್ಲೇನು? ನಿನ್ನ ಡೊಳ್ಳ ಅದು. ಅದರ ಮ್ಯಾಗ ದನಿ ಏರಸಾಕ ಹೋಗಿ ಹೋಗಿ ಗಂಟಲಾ ಹರಕೊಂಡಾನ."

ಮಾಳಪ್ಪ ಗೂಟದ ಕಡೆ ನೋಡಿದ. "ಹಂಗಿದ್ರ ಮಾವ ನನಗ್ಯಾಕ ಹೇಳಲಿಲ್ಲ?"

"ಅಂವ ಹೇಳತಾನ? ನಾ ಹೇಳ್ತೇನಿ ಅಂದ್ರ, 'ನೀ ಬಾಯಿ ಬಿಟ್ಟೀ ಅಂದ್ರ ತವರಮನಿ ಹಾದಿ ಬಂದ್' ಅಂತಾನ. ಅದಕ್ಕ ಮಜ್ಜಗಿ ನೆವಾ ಮಾಡಿ ಬಂದೇನಿ."

"ಎರಡ ಮನಿ ಆಚಿಗಿನ ತವರಿಗೆ ಮಜ್ಜಗಿ ನೆವಾ ಬೇಕಾತ ನೋಡ" ಎಂದಳು ಶಟ್ಟೆವ್ವ ಒಲೆಯ ಮುಂದಿನಿಂದ. ಯಾರೂ ನಗಲಿಲ್ಲ.

ರಾಯಪ್ಪ ದಿಬ್ಬದ ಮೇಲೆ ಕುರಿ ಬಿಟ್ಟುಕೊಂಡು ಉಣ್ಣೆಯ ನೂಲು ತೆಗೆಯುತ್ತ ಕುಳಿತಿದ್ದ. ಮಾಳಪ್ಪ ಹೋಗಿ ಪಕ್ಕದಲ್ಲಿ ಕುಳಿತ.

"ಮಾವಾ, ಡೊಳ್ಳ ದೊಡ್ಡದಾತು."

"ಡೊಳ್ಳ ಸರಿ ಐತಿ." ದನಿ ಮುರುಕು ಬಿದಿರಿನೊಳಗೆ ಗಾಳಿ ಹೊಕ್ಕಂತೆ ಬಂತು. "ನನ್ನ ಗಂಟಲಾ ಹಳೇದಾತು."

"ಸುಳ್ಳ ಹೇಳಬ್ಯಾಡ. ಅಕ್ಕ ಎಲ್ಲಾ ಹೇಳ್ಯಾಳ."

"ಹೇಳಿದ್ಲ? ಆಕೀ ಬಾಯಿ ಕಟ್ಟೂದು ಬೀರಪ್ಪನ ಕೈಲೂ ಆಗಂಗಿಲ್ಲ." ನೂಲು ತುಂಡಾಯಿತು. ರಾಯಪ್ಪ ಅದನ್ನು ಹೊಸೆದು ಕೂಡಿಸಿದ. "ನೋಡ ಮಾಳ್ಯಾ, ಆ ಡೊಳ್ಳ ಹೆಗಲಿಗೆ ಹಾಕ್ಕೊಂಡಾಗ ನಿನ್ನ ಮಾರಿ ನಾ ನೋಡೇನಿ. ಯಾರೋ ಬರೂರ್ ಅದಾರ, ಹಾದಿ ನೋಡಾಕ ಹತ್ತೇನಿ ಅನ್ನೂ ಹಂಗ ಇರತೈತಿ. ಬರೂರ್ ಬರಲಿ, ನಡುವ ನಾ ಯಾಕ ಅಡ್ಡ ಬರಲಿ ಅಂತ ಸುಮ್ಮನಿದ್ದೆ."

ಮಾಳಪ್ಪ ಯಾರಿಗೂ ಹೇಳದೇ ಇದ್ದದ್ದು ಈ ಮನುಷ್ಯನಿಗೆ ಹಾಡಿನ ನಡುವೆ, ಓರೆಗಣ್ಣಿನಲ್ಲಿ ಕಂಡುಬಿಟ್ಟಿತ್ತು.

"ಬರಲಿಲ್ಲ ಮಾವಾ" ಎಂದ ಮಾಳಪ್ಪ.

"ಬರ್ತಾರ ತಗೋ. ನನ್ನ ಬಿಟ್ಟ ದೊಡ್ಡ ದನಿಯಾವನ್ನ ಯಾರನರ ನೋಡ್ಕೊ. ಬೈಲಹೊಂಗಲದ ಕಡೆ ಗಟ್ಟಿ ಗಂಟಲದಾವ್ರು ಅದಾರ. ನಾ ಕುಂತು ಕೇಳ್ತೇನಿ. ನನಗೇನು, ಹಾಡಿದ್ದು ಸಾಕಾಗೈತಿ."

ಸಾಕಾಗೈತಿ ಎನ್ನುವಾಗ ಅವನ ಕೈ ನೂಲಿನ ಮೇಲೆ ನಿಂತೇ ಇತ್ತು. ಮಾಳಪ್ಪ ಆ ಕೈಯನ್ನು ನೋಡಿದ. ಈ ದನಿ ಇಲ್ಲದೆ ಡೊಳ್ಳು ಬಾರಿಸುವುದೆಂದರೆ ಏನೆಂದು ಅವನಿಗೆ ಊಹಿಸಲಿಕ್ಕೂ ಬರಲಿಲ್ಲ. ಆ ಡೊಳ್ಳು ಇಲ್ಲದೆ ಬದುಕುವುದೆಂದರೆ ಏನೆಂಬುದು ಮಾತ್ರ ಚೆನ್ನಾಗಿ ಊಹೆಗೆ ಬಂತು.

"ಕೊಟ್ಟಬಿಡ್ತೇನಿ" ಎಂದು ಎದ್ದ. ರಾಯಪ್ಪ ಬೇಡ ಎಂದು ಹಿಂದಿನಿಂದ ಕೂಗಲು ನೋಡಿದ, ದನಿ ಏಳಲಿಲ್ಲ.

ಉಗರಗೋಳದಲ್ಲಿ ಹಣಮಂತಪ್ಪ ಎಂಬುವನಿದ್ದ. ಎಲ್ಲಮ್ಮನ ಗುಡ್ಡ ಏರುವ ಮಂದಿಯ ಮುಂದೆ ಡೊಳ್ಳು ಬಾರಿಸುತ್ತ ನಡೆಯುವವನು. ಅವನ ಕೈ ಎತ್ತಿನ ಗೊರಸು ಎಂದು ಆಡಿಕೊಳ್ಳುತ್ತಿದ್ದರು; ಅವನ ಹೊಡೆತಕ್ಕೆ ಸಣ್ಣ ಡೊಳ್ಳಿನ ಚರ್ಮ ಹಬ್ಬದಿಂದ ಹಬ್ಬಕ್ಕೆ ಉಳಿಯುವುದಿಲ್ಲ ಎನ್ನುವುದು ಕುರುಬರಲ್ಲೆಲ್ಲ ನಗೆಯ ಮಾತು. ಮಾಳಪ್ಪ ಡೊಳ್ಳಿಗೆ ಕಂಬಳಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ನಸುಕಿನಲ್ಲಿಯೇ ಹೊರಟ. ಶಟ್ಟೆವ್ವ ಬುತ್ತಿ ಕಟ್ಟಿಕೊಟ್ಟಳು. ಅವತ್ತು ಅವಳು ಸವತಿಯ ಮಾತು ಎತ್ತಲಿಲ್ಲ. "ಕಲ್ಲ ಅದಾವು, ಎಡವಬ್ಯಾಡ, ಅದಕ್ಕ ಪೆಟ್ಟಾದೀತು" ಎಂದಳು.

ನಡುದಾರಿಯಲ್ಲಿ, ಎರೆಹೊಲದ ಬಯಲಿನಲ್ಲಿ, ಬುತ್ತಿ ಉಂಡು ನೀರು ಕುಡಿದ ಮೇಲೆ ಅವನ ಮನಸ್ಸು ತಡೆಯಲಿಲ್ಲ. ಕಂಬಳಿ ಬಿಚ್ಚಿ ಡೊಳ್ಳು ಹೆಗಲಿಗೇರಿಸಿದ. ಸುತ್ತ ಯಾರೂ ಇಲ್ಲ. ಬೆರಳಾಡಿಸಿದರೆ ಅದು ಹೊಳೆದಂಡೆಯ ಆ ದಿನದ ಹಾಗೆಯೇ ಮಾತಾಡಿತು. ಎಷ್ಟು ಮೆತ್ತಗೆ ಕೇಳಿದರೆ ಅಷ್ಟು ಮೆತ್ತಗೆ. ಗೋಡೆ ಇಲ್ಲ, ಗುಂಗಿಲ್ಲ, ಮುಳುಗುವ ಪದವಿಲ್ಲ. ಇಲ್ಲಿಯೇ ಇದ್ದುಬಿಟ್ಟರೆ ನಾನೂ ನೀನೂ ಎಷ್ಟು ಹೊಂದಿಕೊಂಡು ಹೋಗುತ್ತಿದ್ದೆವು ಎಂದು ಅವನು ಡೊಳ್ಳಿಗೆ ಬಾಯಿಬಿಟ್ಟು ಹೇಳಿಯೂ ಬಿಟ್ಟ. ಹೇಳಿದ ಮೇಲೆ ಕಿವಿ ತನ್ನಷ್ಟಕ್ಕೆ ತಾನೇ ರಾಯಪ್ಪನ ನುಡಿಗಾಗಿ ಕಾಯಿತು. ಬಯಲಿನಲ್ಲಿ ಯಾರು ಹಾಡುತ್ತಾರೆ? ಕಂಬಳಿ ಮತ್ತೆ ಸುತ್ತಿದ.

ಹೊತ್ತು ಇಳಿಯುವಾಗ ಉಗರಗೋಳ ಮುಟ್ಟಿದ. ಹಣಮಂತಪ್ಪ ಮನೆಯ ಕಟ್ಟೆಯ ಮೇಲೆ ರೊಟ್ಟಿ ಮುರಿಯುತ್ತ ಕುಳಿತಿದ್ದ. ಸಂಗತಿ ಕೇಳಿ, ಕೈಯಲ್ಲಿದ್ದ ತುತ್ತು ಹಾಗೆಯೇ ಇಟ್ಟ.

"ಇಂಥಾದ್ದನ್ನ ಕೊಡಾಕ ಬಂದೀರಿ ಅಂದ್ರ ಒಳಗ ಏನರ ಕೆಟ್ಟಿರಬೇಕ ನೋಡ್ರಿ."

"ಕೆಟ್ಟಿಲ್ರಿ ಅಣ್ಣಾರ. ನನಗ ಒಗ್ಗಲಿಲ್ಲ."

ಡೊಳ್ಳನ್ನು ಕೈಯಿಂದ ಕೈಗೆ ಕೊಡುವ ರೂಢಿ ಅವರಲ್ಲಿ ಇರಲಿಲ್ಲ. ಕಂಬಳಿ ಹಾಸಿ ಅದರ ಮೇಲೆ ಕೂರಿಸಿ, ಭಂಡಾರದ ಅರಿಶಿನ ಹಚ್ಚಿ, ಕೊಡುವವನು ದೇವರ ಹೆಸರು ಹೇಳಿ ಅದರ ಗುಣವನ್ನೂ ಅವಗುಣವನ್ನೂ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟು ಕೊಟ್ಟರೆ ಚರ್ಮ ಸೀಳುತ್ತದೆ ಎಂದು ನಂಬಿಕೆ. ಮಾಳಪ್ಪ ಗುಣ ಹೇಳಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಒಂದೇ ಬುಡದ್ದು, ಮಳೆಗಾಲದಲ್ಲಿ ಸದ್ದು ಜೋಲುವುದಿಲ್ಲ, ಹೆಗಲಿಗೆ ಕೂತರೆ ಮಗುವಿನ ಹಾಗೆ ಕೂರುತ್ತದೆ, ಮುಂಜಾನೆಗಿಂತ ಇಳಿಹೊತ್ತಿನಲ್ಲಿ ಚೆನ್ನಾಗಿ ನುಡಿಯುತ್ತದೆ.

"ಅವಗುಣಾ ಹೇಳ್ರಿ" ಎಂದ ಹಣಮಂತಪ್ಪ.

ಮಾಳಪ್ಪ ಯೋಚಿಸಿದ. ಡೊಳ್ಳಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

"ಹಾಡಾವ್ರ ಕೂಡ ಇದಕ್ಕ ಹೊಂದಿಕಿ ಇಲ್ರಿ."

"ಅಷ್ಟನ? ನನ್ನ ಬಾಜೂಕ ಯಾರೂ ಹಾಡಂಗಿಲ್ಲ ಬಿಡ್ರಿ. ಹಾಡಿದ್ರೂ ನನಗೇನು ಕೇಳಸಂಗಿಲ್ಲ."

ಹಣಮಂತಪ್ಪ ಅದನ್ನು ಎತ್ತಿ, ಊರ ಹೊರಗೆ ಗುಡ್ಡದ ದಾರಿಗೆ ಬಂದು ನಿಂತ. ಕೋಲು ಎತ್ತಿ ಇಳಿಸಿದ.

ಮಾಳಪ್ಪ ಹತ್ತು ಮಾರು ದೂರದಲ್ಲಿದ್ದ. ಅದು ಮೊದಲು ಎದೆಗೂಡಿಗೆ ಬಂದು ಮುಟ್ಟಿತು, ಆಮೇಲೆ ಕಿವಿಗೆ. ದಾರಿಯಲ್ಲಿ ಸೌದೆ ಹೊತ್ತು ಬರುತ್ತಿದ್ದ ಹೆಂಗಸು ನಿಂತಳು. ಗುಡ್ಡದ ಬಂಡೆಗಳು ಅದನ್ನು ಒಂದರಿಂದ ಒಂದಕ್ಕೆ ದಾಟಿಸಿದವು. ಇದೇ. ಇಷ್ಟು ವರ್ಷ ನೆಲಕ್ಕೆ ಬೆನ್ನು ಕೊಟ್ಟು ಕೇಳಿದ್ದು ಇದನ್ನೇ. ಡೊಳ್ಳಿನೊಳಗೆ ಅದು ಮೊದಲಿನಿಂದಲೂ ಇತ್ತು. ಅವನ ಬೆರಳಿಗೆ ಓಗೊಟ್ಟಿರಲಿಲ್ಲ, ಅಷ್ಟೇ. ತಾನು ಸಾಕಿದ ಟಗರು ಬೇರೊಬ್ಬನ ಸಿಳ್ಳಿಗೆ ಕಿವಿ ನಿಮಿರಿಸಿದ್ದನ್ನು ನೋಡಿದಂತೆ ನಿಂತುಬಿಟ್ಟ.

"ಹ್ಯಾಂಗೈತಿ?" ಎಂದು ಹಣಮಂತಪ್ಪ ಬೆವರೊರೆಸಿಕೊಂಡ.

"ಇನ್ನೊಂಚೂರ ಬಾರಸ್ರಿ."

ಬಾರಿಸಿದ. ನಿಲ್ಲಿಸಿದ.

"ಇನ್ನೊಂಚೂರ."

ಹಾಗೆ ಎಷ್ಟು ಸಲ ಕೇಳಿದನೋ, ಕಡೆಗೆ ಹಣಮಂತಪ್ಪನ ಹೆಂಡತಿ ಅಲ್ಲಿಯವರೆಗೂ ನಡೆದು ಬಂದು, "ರೊಟ್ಟಿ ಆರಿ ಹಪ್ಪಳ ಆಗ್ಯಾವು, ಬಂದಾವ್ರನ್ನೂ ಕರಕೊಂಡ ಬರ್ರಿ" ಎಂದು ಕೂಗಬೇಕಾಯಿತು.

ಮರುದಿನ ಮಾಳಪ್ಪ ಅದರ ಬದಲಿಗೆ ಹಣಮಂತಪ್ಪನ ಹಳೆಯ ಸಣ್ಣ ಡೊಳ್ಳು ಹೊತ್ತು ಹೊರಟ. ಅದರ ಚರ್ಮಕ್ಕೆ ಎರಡು ತೇಪೆ ಇದ್ದವು. "ಇದರ ಅವಗುಣಾ ಏನಂದ್ರ, ಹೊಡದ್ರ ಹರೀತೈತಿ" ಎಂದು ಹೇಳಿ ಹಣಮಂತಪ್ಪ ಊರ ಹೊರಗಿನವರೆಗೂ ಕಳಿಸಲು ಬಂದ, ಬಾರಿಸುತ್ತಲೇ ಬಂದ. ಅವನು ಹಿಂದಿರುಗಿದ ಮೇಲೂ ಬಹಳ ದೂರದವರೆಗೆ ಆ ಸದ್ದು ಇತ್ತು. ಮಾಳಪ್ಪ ಮೆಲ್ಲಗೆ ನಡೆದ. ಕೇಳದಂತಾದಾಗ ಎರಡು ಹೆಜ್ಜೆ ಹಿಂದೆ ಬಂದು ನಿಂತ. ಸ್ವಲ್ಪ ಕೇಳಿಸಿತು. ಆಮೇಲೆ ಅಲ್ಲಿಯೂ ಇಲ್ಲವಾಯಿತು.

ಸಣ್ಣ ಡೊಳ್ಳು ಅವನ ಕೈಗೆ ಬೇಗನೆ ಒಗ್ಗಿತು. ಒಗ್ಗಲಿಕ್ಕೆ ಹೆಚ್ಚೇನೂ ಇರಲಿಲ್ಲ. ರಾಯಪ್ಪನ ಗಂಟಲು ವಾಸಿಯಾಗಲು ಮಾತ್ರ ತಡವಾಯಿತು. ದನಿ ತಿರುಗಿ ಬಂದಾಗ ಮೊದಲಿಗಿಂತ ಒಂದು ಎಳೆ ಕೆಳಗೆ ಬಂತು, ಒಂದು ಎಳೆ ತೆಳ್ಳಗೆ. ಬಾಯವ್ವ ಅದನ್ನೂ ಸಾಕು ಎಂದಳು.

ಅಮಾವಾಸ್ಯೆಯ ದಿನ ಇಳಿಹೊತ್ತಿನಲ್ಲಿ ಗುಡಿಯಲ್ಲಿ ಹಾಡಿಕೆ. ಜನ ಕಂಬಗಳಿಗೆ ಒರಗಿ ಕುಳಿತರು. ರಾಯಪ್ಪ ಕಿವಿಗೆ ಕೈ ಹಚ್ಚಿ ಮೊದಲ ನುಡಿ ಎತ್ತಿದ. ಸಣ್ಣ ಡೊಳ್ಳು ಕೆಳಗೆ ಸದ್ದಿಲ್ಲದೆ ನಡೆಯಿತು. ಪದದ ಮಾತು ಮಾತೂ ಹಿಂದೆ ಕುಳಿತ ಮುದುಕರವರೆಗೆ ಹೋಯಿತು. "ಈಗ ಕೇಳ್ತು ನೋಡಪಾ" ಎಂದರು ಯಾರೋ. ಮಕ್ಕಳ ಬಾಯಿ ಮುಚ್ಚಿಸಿದರು, ಮುಂದಕ್ಕೆ ಸರಿದು ಕುಳಿತರು. ಮಾಳಪ್ಪನ ಬೆರಳುಗಳಿಗೆ ಸಮಾಧಾನವಾಯಿತು.

ನುಡಿ ಮುಗಿಯಿತು. ಡೊಳ್ಳಿನ ಸರದಿ. ಅವನು ತನ್ನ ಪಾಲಿನಷ್ಟು ಬಾರಿಸಿ ಮುಗಿಸಿ, ತಲೆ ತಗ್ಗಿಸಿ, ಮುಂದಿನ ನುಡಿಗೆ ಕಾದ. ರಾಯಪ್ಪ ಬಾಯಿ ತೆರೆಯಲಿಲ್ಲ. ಉಸಿರು ತೆಗೆದುಕೊಂಡಾಗಿತ್ತು, ಆದರೂ ಹಾಡಲಿಲ್ಲ. ಕಣ್ಣು ಮುಚ್ಚಿ ನಿಂತಿದ್ದ. ನುಡಿ ಮರೆತನೇ ಎಂದು ಮಾಳಪ್ಪ ಗಾಬರಿಯಿಂದ ನೋಡಿದ. ರಾಯಪ್ಪ ಕಣ್ಣು ತೆರೆಯದೆಯೇ ಕತ್ತನ್ನು ಸ್ವಲ್ಪ ಅವನ ಕಡೆ ವಾಲಿಸಿದ.

ಆಗ ಮಾಳಪ್ಪನಿಗೆ ತಿಳಿಯಿತು. ಅಷ್ಟು ಜಾಗವನ್ನು ಮಾವ ಬೇಕೆಂದೇ ಬಿಟ್ಟಿದ್ದ. ದೊಡ್ಡ ಡೊಳ್ಳು ಬಾರಿಸಿದ್ದರೆ ಅದರ ಗುಂಗು ಇಳಿಯಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟು ಜಾಗ. ಮಾಳಪ್ಪ ಅದರೊಳಗೆ ಕೈ ಹಾಕಲಿಲ್ಲ. ಕೋಲನ್ನು ಚರ್ಮದಿಂದ ಎತ್ತಿ ಹಿಡಿದು, ಉಗರಗೋಳದ ಕಡೆಗೆ ಕಿವಿಯಿಟ್ಟವನ ಹಾಗೆ ನಿಂತ. ಜನರೂ ಸುಮ್ಮನಿದ್ದರು. ಆಮೇಲೆ ರಾಯಪ್ಪ ಎರಡನೆಯ ನುಡಿ ಎತ್ತಿದ.